ಮಳೆಗಾಲದಲ್ಲಿ ಲಿಂಗ ದೃಢೀಕರಣ ಶಸ್ತ್ರಚಿಕಿತ್ಸೆಯ ಗಾಯ ಕೀವಾದರೆ: ಯಾವ ಡ್ರೆಸಿಂಗ್, ಹೇಗೆ?

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಆಪರೇಷನ್ ಮುಗಿಸಿ ಕಕ್ಕಡದ (ಜುಲೈ–ಆಗಸ್ಟ್) ಮಳೆಗೆ ಸರಿಯಾಗಿ ಕೊಡಗಿಗೆ ಮರಳಿದವರನ್ನು ಮೊದಲು ಕಾಡುವುದು ತೇವ. ಒಗೆದ ಬಟ್ಟೆಯೇ ಮೂರು ದಿನ ಒಣಗದ ಊರಿನಲ್ಲಿ ತೊಡೆಸಂದಿಯ ಗಾಯ ಒಣಗೀತೇ? ಒಣಗಬೇಕಾಗಿಯೂ ಇಲ್ಲ. ಗಾಯದ ತಳ ಹಸಿಯಾಗಿ, ಸುತ್ತಲಿನ ಚರ್ಮ ಒಣಗಿ ಇರಬೇಕು. ಹೊಸ ಬಗೆಯ ಡ್ರೆಸಿಂಗ್‌ಗಳ ಕೆಲಸವೇ ಇದು.

ಮೊದಲ ವಾರ ಹೊಲಿಗೆಯ ಅಂಚು ತುಸು ಕೆಂಪಗಿರುವುದು, ತಿಳಿ ಗುಲಾಬಿ ನೀರು ಜಿನುಗುವುದು ಸಹಜ. ಯೋನಿ ರಚನೆಯ ನಂತರ ಗಾಯಕ್ಕೆ ಅಂಟಿಕೊಂಡ ಹಳದಿ ಪೊರೆ ಕಂಡು ಕೀವೆಂದು ಗಾಬರಿಯಾಗುವವರು ಬಹಳ. ಒರೆಸಿದರೂ ಬಾರದ ಆ ಪೊರೆ ಎಷ್ಟೋ ಸಲ ಬರೀ ಫೈಬ್ರಿನ್ (ಗಾಯ ಮಾಯುವಾಗ ಕಟ್ಟುವ ಪ್ರೋಟೀನು), ಕಿತ್ತು ತೆಗೆಯಬೇಡಿ. ಮುಟ್ಟಿದರೆ ರಕ್ತ ಒಸರುವ ಕೆಂಪು ಗುಳ್ಳೆಯಂಥ ಮಾಂಸವೂ ಸಾಮಾನ್ಯವಾಗಿ ನಂಜಲ್ಲ. ವೈದ್ಯರು ಅದಕ್ಕೆ ಸಿಲ್ವರ್ ನೈಟ್ರೇಟ್ ತಾಗಿಸುತ್ತಾರೆ. ನಂಜಿನ ಲಕ್ಷಣಗಳೇ ಬೇರೆ: ಇಳಿಯುತ್ತಿದ್ದ ನೋವು ಮತ್ತೆ ಏರುವುದು, ದಪ್ಪ ಕೀವು, ಕೆಟ್ಟ ವಾಸನೆ, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಹರಡುವ ಕೆಂಪು. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದಿಟ್ಟರೆ ಮರುದಿನ ಗೊತ್ತಾಗುತ್ತದೆ. ಕಪ್ಪು ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣದು. ಅಂಗೈ ಹಿಂಬದಿಯಿಂದ ಮುಟ್ಟಿ ಬಿಸಿಯೂ ಗಡಸೂ ಇದೆಯೇ ನೋಡಿ.

ಈ ಲಕ್ಷಣ ಕಂಡ ದಿನವೇ ಆಪರೇಷನ್ ಮಾಡಿದ ತಂಡಕ್ಕೆ ಫೋಟೋ ಕಳಿಸಿ. ಡ್ರೆಸಿಂಗ್ ಎಷ್ಟೇ ದುಬಾರಿಯದಾದರೂ ಒಳಗೆ ಕಟ್ಟಿದ ಕೀವನ್ನು ಹೊರತೆಗೆಯಲಾರದು, ಆ್ಯಂಟಿಬಯಾಟಿಕ್‌ನ ಜಾಗ ತುಂಬದು. ಆ್ಯಂಟಿಬಯಾಟಿಕ್ ಶುರುವಾಗುವ ಮೊದಲೇ ಕೀವನ್ನು ಕಲ್ಚರ್‌ಗೆ (ಯಾವ ರೋಗಾಣು ಎಂದು ತಿಳಿಯುವ ಪರೀಕ್ಷೆಗೆ) ಕೊಡುವುದು ಒಳ್ಳೆಯದು.

ತೊಳೆಯಲು ಸಲೈನ್ (ಶುದ್ಧ ಉಪ್ಪುನೀರು) ಸಾಕು. ತೆರೆದ ಬಾಟಲಿ 24 ಗಂಟೆ ಮಾತ್ರ. ಸಿಗದಿದ್ದರೆ 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಮಟ್ಟಸ ಒಂದೂವರೆ ಟೀ ಚಮಚ, ಹಾಕಿ 10 ನಿಮಿಷ ಕುದಿಸಿ, ಮುಚ್ಚಿ ಆರಿಸಿ. ಸೂಜಿಯಿಲ್ಲದ 20 ಎಂಎಲ್ ಸಿರಿಂಜಿನಿಂದ ಹಾಯಿಸಿ. ಯೋನಿಯ ಒಳಗೆ ಹಾಯಿಸುವುದು ಸರ್ಜನ್ ಹೇಳಿದರೆ ಮಾತ್ರ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹೊಸ ಜೀವಕೋಶಗಳನ್ನೇ ಸುಡುತ್ತವೆ. ಇಲ್ಲಿ ಮನೆಮನೆಯಲ್ಲೂ ಇರುವ ಕಾಫಿ ಪುಡಿಯಂತೂ ಬೇಡವೇ ಬೇಡ: ಗಾಯದೊಳಗೆ ಸೇರಿಕೊಂಡು ಕೂರುತ್ತದೆ, ಬಣ್ಣ ಮುಚ್ಚಿ ವೈದ್ಯರಿಗೂ ಗಾಯ ಕಾಣದಂತೆ ಮಾಡುತ್ತದೆ.

ಡ್ರೆಸಿಂಗ್ ಆಯ್ಕೆಗೆ ಸೋರಿಕೆಯೇ ಅಳತೆಗೋಲು. ಬಹಳ ಸೋರಿದರೆ ಕಡಲಕಳೆಯಿಂದ ಮಾಡುವ ಆಲ್ಜಿನೇಟ್ ಅಥವಾ ನೀರು ಹೀರಿ ಜೆಲ್ ಆಗುವ ಹೈಡ್ರೋಫೈಬರ್, ಮೇಲೆ ಸ್ಪಂಜಿನಂಥ ಫೋಮ್. ಕುಳಿಯಿದ್ದರೆ ಸಡಿಲವಾಗಿ ತುಂಬಿ, ತುದಿ ಹೊರಗಿರಲಿ, ಎಷ್ಟು ತುಂಡು ಹಾಕಿದಿರೆಂದು ಬರೆದಿಡಿ. ಬಿಗಿಯಾಗಿ ತುರುಕಿದರೆ ಕೀವಿಗೆ ಹೊರದಾರಿ ಇರುವುದಿಲ್ಲ. ಕಡಿಮೆ ಸೋರುವ ಗಾಯಕ್ಕೆ ಆಲ್ಜಿನೇಟ್ ಅಂಟಿಕೊಳ್ಳುತ್ತದೆ. ಎಳೆಯದೆ ಸಲೈನ್‌ನಲ್ಲಿ ನೆನೆಸಿ ತೆಗೆಯಿರಿ. ರೋಗಾಣು ತಡೆಯಲು ಬೆಳ್ಳಿ ಸೇರಿಸಿದ ಡ್ರೆಸಿಂಗ್ ವೈದ್ಯರು ಹೇಳಿದರೆ ಸಾಮಾನ್ಯವಾಗಿ ಎರಡು ವಾರ, ಆಮೇಲೆ ಮರುಪರಿಶೀಲನೆ. ಅದರ ಕೆಲವು ಬಗೆಗಳನ್ನು ಸಲೈನ್ ಬದಲು ಶುದ್ಧೀಕರಿಸಿದ ನೀರಿನಲ್ಲಿ ನೆನೆಸಬೇಕು, ಪೊಟ್ಟಣ ಓದಿ. ನಂಜಾದ ಗಾಯವನ್ನು ಗಾಳಿಯಾಡದ ಹೈಡ್ರೋಕೊಲಾಯ್ಡ್‌ನಿಂದ ಮುಚ್ಚಬೇಡಿ. ಎದೆಯ ಶಸ್ತ್ರಚಿಕಿತ್ಸೆಯಲ್ಲಿ ನಾಟಿ ಮಾಡಿದ ಮೊಲೆತೊಟ್ಟಿನ ಡ್ರೆಸಿಂಗ್ ಸರ್ಜನ್ ಹೇಳುವವರೆಗೆ ಕದಲಿಸಲೇಬೇಡಿ.

ಫೋಮ್ ಗಾಯದಂಚಿನಿಂದ 2–3 ಸೆಂ.ಮೀ. ಹೊರಗೆ ಚಾಚಿರಲಿ. ನಂಜಿರುವಾಗ ದಿನಕ್ಕೊಮ್ಮೆ ಬದಲಿಸಿ. ಸೋರಿಕೆಯ ಕಲೆ ಫೋಮ್‌ನ ಅಂಚಿಗೆ ಬಂದರೆ ಅದಕ್ಕೂ ಮುಂಚೆ. ಸುತ್ತಲ ಚರ್ಮ ನೀರಲ್ಲಿ ನೆನೆದ ಬೆರಳಿನಂತೆ ಬಿಳಿಚಿದರೆ ತೇವ ಹೆಚ್ಚಾಗಿದೆ ಎಂದರ್ಥ: ಬೇಗ ಬದಲಿಸಿ, ಅಂಚಿಗಷ್ಟೇ ಜಿಂಕ್ ಆಕ್ಸೈಡ್ ತೆಳುವಾಗಿ ಸವರಿ. ಒಲೆಯ ಮೇಲೆ ಹೊಗೆಗೆ ಒಣಗಿಸಿದ ಒಳಉಡುಪಿಗೆ ಇಸ್ತ್ರಿ ಹಾಕಿಯೇ ತೊಡಿ. ಯೋನಿಯ ದಾರಿಯನ್ನು ಹಿಗ್ಗಿಸಿಡುವ ಡೈಲೇಟರ್‌ನ ಬಳಕೆಯನ್ನು ನೀವಾಗಿ ನಿಲ್ಲಿಸಬೇಡಿ, ದಾರಿ ಕಿರಿದಾಗುತ್ತದೆ. ಹೊಲಿಗೆ ಬಿಟ್ಟಿದ್ದರೆ ಸರ್ಜನ್‌ನನ್ನು ಕೇಳಿ.

ಗುಡ್ಡ ಜರಿದು ರಸ್ತೆ ಮುಚ್ಚಿಹೋಗುವ ಕಾಲ. ತೋಟದ ಲೈನ್‌ಮನೆಯಲ್ಲಿರುವವರು 10 ದಿನದ ಡ್ರೆಸಿಂಗ್ ಸಾಮಾನು ಮೊದಲೇ ತಂದಿಡಿ. ಚಳಿನಡುಕ, ಗೊಂದಲದ ಮಾತು, ಮೂತ್ರ ಕಟ್ಟುವುದು, ಚರ್ಮ ಕಪ್ಪಾಗುವುದು, ಯೋನಿಯಿಂದ ಮಲ ಬರುವುದು: ಇವಕ್ಕೆ ಡ್ರೆಸಿಂಗ್ ಹುಡುಕುತ್ತಾ ಕೂರದೆ 108ಕ್ಕೆ ಕರೆ ಮಾಡಿ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಹೋಗಿ. ಡಿಸ್ಚಾರ್ಜ್ ಸಾರಾಂಶ ಒಯ್ಯಿರಿ. ತುರ್ತು ವಿಭಾಗದಲ್ಲಿ ಆಪರೇಷನ್‌ನ ಹೆಸರು, ದಿನಾಂಕ, ಗಾಯದೊಳಗೆ ಎಷ್ಟು ತುಂಡು ಇದೆ ಎಂಬುದನ್ನು ಮೊದಲು ಹೇಳಿ.