ಉರಾಬಾದಲ್ಲಿ ಬಂದೂಕಿಲ್ಲದ ಕಾವಲು: ಜೊತೆ ನಡೆಯುವವರ ಕೆಲಸದ ಒಳಗುಟ್ಟು

ಕೊಲಂಬಿಯಾದ ವಾಯವ್ಯ ಮೂಲೆಯ ಉರಾಬಾ ಸೀಮೆಯಲ್ಲಿ ಅರೆಸೇನೆಯ ಬೆದರಿಕೆಗೆ ಒಕ್ಕಲೆಬ್ಬಿಸಿಕೊಂಡ ರೈತರಿಗೆ ಕಾವಲಾಗಿ, ಇಬ್ಬಿಬ್ಬರಾಗಿ ಜೊತೆಗಿರುವುದು ನಮ್ಮ ಕೆಲಸ. ಅಲ್ಲಿ ಅರೆಸೇನೆ ಎಂದರೆ ನಮ್ಮ ಸಿಆರ್‌ಪಿಎಫ್‌ನಂಥದ್ದಲ್ಲ. ದೊಡ್ಡ ಜಮೀನುದಾರರು, ಕಂಪನಿಗಳು ಹಣ ಸುರಿದು, ಹಲವೆಡೆ ಸೈನ್ಯವೇ ಕೈಜೋಡಿಸಿ ಬೆಳೆಸಿದ ಖಾಸಗಿ ಬಂದೂಕುಪಡೆ. ಇಂಥ ಪಡೆಗೆ 17 ಲಕ್ಷ ಡಾಲರ್ ಕೊಟ್ಟದ್ದನ್ನು ಬಾಳೆಹಣ್ಣಿನ ಚಿಕ್ವಿಟಾ ಕಂಪನಿ 2007ರಲ್ಲಿ ಅಮೆರಿಕದ ಕೋರ್ಟಿನಲ್ಲಿ ಒಪ್ಪಿಕೊಂಡಿತು.

ಬಂದೂಕಿನ ಮುಂದೆ ಬರಿಗೈಯ ಇಬ್ಬರು ನಿಂತರೆ ಏನಾದೀತು ಎಂದು ಎಲ್ಲರೂ ಕೇಳುತ್ತಾರೆ. ಆ ಇಬ್ಬರಿಂದಲೇ ಆಗುವುದು ಏನೂ ಇಲ್ಲ, ನಿಜ. ಅವರ ಹಿಂದಿರುವ ಸರಪಳಿ ಗಟ್ಟಿಯಾಗಿದ್ದರೆ ಮಾತ್ರ ಕಾವಲು. ದಾರಿಯಲ್ಲಿ ತಡೆಯುವ ಸೈನಿಕನ ಮೇಲೆ ಕರೇಪಾದಲ್ಲಿರುವ 17ನೇ ಬ್ರಿಗೇಡಿನ ಕಮಾಂಡರ್, ಅವನ ಮೇಲೆ ರಾಜಧಾನಿ ಬೊಗೋಟಾದ ರಕ್ಷಣಾ ಸಚಿವಾಲಯ, ಅದರ ಎದುರಿಗೆ ನೆರವು ಕೊಡುವ ದೇಶಗಳ ರಾಯಭಾರಿಗಳು. ಮಾನವ ಹಕ್ಕುಗಳನ್ನು ತೀವ್ರವಾಗಿ ತುಳಿದ ಸೇನಾ ಘಟಕಕ್ಕೆ ನೆರವು ಕೊಡಕೂಡದು ಎನ್ನುವ ಲೀಹಿ ಕಾನೂನು ಅಮೆರಿಕದಲ್ಲಿದೆ. ಈ ಹಳ್ಳಿಯಲ್ಲಿ ಗುಂಡು ಹಾರಿದರೆ ಬೊಗೋಟಾದಲ್ಲಿ ಫೋನು ಹೊಡೆದುಕೊಳ್ಳುತ್ತದೆ ಎಂಬ ಲೆಕ್ಕ ಕಮಾಂಡರನ ತಲೆಯಲ್ಲಿ ಮೊದಲೇ ಇರಬೇಕು. ಅದನ್ನು ಅಲ್ಲಿ ಕೂರಿಸುವುದೇ ನಮ್ಮ ಮುಕ್ಕಾಲು ಪಾಲು ಕೆಲಸ, ಅದು ನಡೆಯುವುದು ಮೇಜಿನ ಮುಂದೆ. ಈ ಪದ್ಧತಿಯ ಬೇರು ಸ್ವಲ್ಪಮಟ್ಟಿಗೆ ನಮ್ಮ ಭಾರತದಲ್ಲೇ ಇದೆ: ಹೀಗೆ ಜೊತೆ ನಡೆಯುವ ಕೆಲಸದಲ್ಲಿ 1994ರಿಂದ ಕೊಲಂಬಿಯಾದಲ್ಲಿರುವ ಪೀಸ್ ಬ್ರಿಗೇಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ 1981ರಲ್ಲಿ ಕೆನಡಾದಲ್ಲಿ ಹುಟ್ಟಿದಾಗ ಅದನ್ನು ಕಟ್ಟಿದವರಲ್ಲಿ ಗಾಂಧೀಮಾರ್ಗದ ಶಾಂತಿಸೇನೆಯ ನಾರಾಯಣ ದೇಸಾಯಿ ಒಬ್ಬರು.

ಊರಿನವರು ಲಿಖಿತವಾಗಿ ಕೇಳದೆ ಹೋಗುವುದಿಲ್ಲ. ಕೇಳಿದ ಮೇಲೆ ಪತ್ರಗಳು ಹೊರಡುತ್ತವೆ: ಬ್ರಿಗೇಡಿಗೆ, ಪೊಲೀಸರಿಗೆ, ಜನರ ಹಕ್ಕು ನೋಡಿಕೊಳ್ಳುವ ಡಿಫೆನ್ಸೊರಿಯಾ ಕಚೇರಿಗೆ, ವಿದೇಶಾಂಗ ಸಚಿವಾಲಯಕ್ಕೆ, ರಾಯಭಾರ ಕಚೇರಿಗಳಿಗೆ. ಹೋಗುವ ನಮ್ಮವರ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಯಾವ ದಿನದಿಂದ ಯಾವ ದಿನದವರೆಗೆ, ಯಾವ ಹಳ್ಳಿ ಎಂಬಷ್ಟೇ ಅದರಲ್ಲಿರುತ್ತದೆ. ಯಾರ ಮೇಲೆ ಬೆದರಿಕೆಯಿದೆ, ಯಾರ ಮನೆಯಲ್ಲಿ ಮಲಗುತ್ತೇವೆ ಎಂದು ಬರೆಯುವುದಿಲ್ಲ. ಬ್ರಿಗೇಡಿಗೆ ಹೋದ ಕಾಗದ ಯಾವ ಕೈಗೆ ಸೇರುತ್ತದೋ ಹೇಳಲಾಗದು. ತಲುಪಿದ್ದಕ್ಕೆ ಮುದ್ರೆ ಬೀಳಲೇಬೇಕು, ಇಲ್ಲದಿದ್ದರೆ ನಾಳೆ 'ನಮಗೆ ಗೊತ್ತಿರಲಿಲ್ಲ' ಎನ್ನುತ್ತಾರೆ. ಕಮಾಂಡರನನ್ನು ಖುದ್ದಾಗಿ ಕಂಡು ಬರುವುದೂ ಇದರದೇ ಭಾಗ. ಅಲ್ಲಿ ಆರೋಪ ಮಾಡುವುದಿಲ್ಲ. ಆ ದಾರಿಯಲ್ಲಿ ನಿಮ್ಮ ಪಡೆ ಇದೆಯೇ, ಹಳ್ಳಿಗರ ಸುರಕ್ಷತೆಗೆ ಏನು ಆದೇಶ ಕೊಟ್ಟಿದ್ದೀರಿ ಎಂದು ಕೇಳಿ, ಉತ್ತರವನ್ನು ಅವರೆದುರೇ ಬರೆದುಕೊಳ್ಳುತ್ತೇವೆ. ಬರೆದುಕೊಳ್ಳುವುದು ಅವರಿಗೆ ಕಾಣಬೇಕು.

ಅಬೀಬೆ ಬೆಟ್ಟಸಾಲಿನಲ್ಲಿ ದಾರಿ ಎಂದರೆ ಹೇಸರಗತ್ತೆ ನಡೆಯುವ ಕೆಸರಿನ ಜಾಡು. ಹೋಗುವುದು ಇಬ್ಬರು, ಒಬ್ಬರೇ ಎಂದೂ ಇಲ್ಲ. ಸಂಸ್ಥೆಯ ಹೆಸರು ದೂರಕ್ಕೆ ಕಾಣುವ ಅಂಗಿ, ಬಾವುಟ, ಮೊಣಕಾಲುದ್ದದ ರಬ್ಬರ್ ಬೂಟು, ಸ್ಯಾಟಲೈಟ್ ಫೋನು, ನೀರಿಳಿಯದ ಚೀಲದಲ್ಲಿ ಇನ್ನೊಂದು ಬ್ಯಾಟರಿ. ದಟ್ಟ ಮರಗಳ ಕೆಳಗೆ ಸಿಗ್ನಲ್ ಹಿಡಿಯದು, ಹಾಗಾಗಿ ಕರೆ ಮಾಡುವ ಹೊತ್ತನ್ನು ಬೋಳು ದಿಣ್ಣೆಗಳಿಗೆ ಹೊಂದಿಸಿ ಮೊದಲೇ ಗೊತ್ತುಮಾಡುತ್ತೇವೆ. ಹೊತ್ತು ಮೀರಿದರೆ ಎಷ್ಟು ಕಾಯಬೇಕು, ಆಮೇಲೆ ಮೊದಲು ಯಾರಿಗೆ, ನಂತರ ಯಾರಿಗೆ ಫೋನು ಎಂಬ ಪಟ್ಟಿ ಕಚೇರಿಯ ಗೋಡೆಯ ಮೇಲಿರುತ್ತದೆ. ಆ ಗಳಿಗೆಯಲ್ಲಿ ಕೂತು ಯೋಚಿಸುವಂತಿರಬಾರದು.

ದಾರಿ ತೀರ್ಮಾನಿಸುವವರು ಹಳ್ಳಿಗರು. ನಾವು ಮುಂದಾಳುಗಳಲ್ಲ, ಎಲ್ಲರಿಗೂ ಕಾಣುವ ಹಾಗೆ ನಡುವೆ ನಡೆಯುತ್ತೇವೆ. ಬಂದೂಕುಧಾರಿಗಳು ಎದುರಾದರೆ ಓಡಬಾರದು, ಕ್ಯಾಮೆರಾ ತೆಗೆಯಬಾರದು. ನಾವು ಯಾರೆಂದು ಹೇಳಿ, ನಾವು ಇಲ್ಲಿರುವುದು ಅಧಿಕಾರಿಗಳಿಗೆ ಗೊತ್ತಿದೆ ಎಂದು ಶಾಂತವಾಗಿ ತಿಳಿಸಿ, ನಿಮ್ಮ ಮುಖ್ಯಸ್ಥರು ಯಾರು ಎಂದು ಕೇಳುವುದು. ಹಳ್ಳಿಗರ ಹೆಸರಿನ ಪಟ್ಟಿ ಕೇಳಿದರೆ ಕೊಡುವುದಿಲ್ಲ. ಕೊಡದಿರಲು ಸುಲಭದ ಉಪಾಯ, ಅಂಥ ಪಟ್ಟಿ ಜೇಬಿನಲ್ಲೇ ಇಲ್ಲದಿರುವುದು. ಮೇಲಿನ ಹಳ್ಳಿಯಲ್ಲಿ ಗೆರಿಲ್ಲಾಗಳನ್ನು (ಸರ್ಕಾರದ ವಿರುದ್ಧ ಬಂದೂಕು ಹಿಡಿದವರನ್ನು) ಕಂಡಿರಾ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಸೇನೆಯ ಹೆಲಿಕಾಪ್ಟರಿನಲ್ಲಿ ಜಾಗ ಕೊಟ್ಟರೂ ಹತ್ತುವುದಿಲ್ಲ. ಒಂದು ಪಕ್ಷದ ಋಣ ಮೈಗಂಟಿದರೆ ಮರುದಿನ ಇನ್ನೊಂದು ಪಕ್ಷಕ್ಕೆ ಆ ಹಳ್ಳಿಯೇ ಗುರಿ.

ಕಂಡದ್ದನ್ನು ಆ ರಾತ್ರಿಯೇ ಬರೆಯಬೇಕು: ಹೊತ್ತು, ಜಾಗ, ಎಷ್ಟು ಜನ, ಉಡುಪು, ತೋಳುಪಟ್ಟಿಯ ಮೇಲಿನ ಅಕ್ಷರ, ಬಂದೂಕಿನ ಬಗೆ, ಕಾಲಲ್ಲಿ ಚರ್ಮದ ಬೂಟೋ ರಬ್ಬರಿನದೋ. 'ಪ್ಯಾರಾಗಳಿದ್ದರು', ಅಂದರೆ ಅರೆಸೇನೆಯವರಿದ್ದರು, ಎಂದು ಬರೆದರೆ ಅದು ಊಹೆ; 'ತೋಳುಪಟ್ಟಿಯಿಲ್ಲದ ಹನ್ನೆರಡು ಜನ, ಸೈನಿಕ ಠಾಣೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿ' ಎಂದು ಬರೆದರೆ ಸಚಿವಾಲಯ ಉತ್ತರ ಹುಡುಕಬೇಕಾಗುತ್ತದೆ.

ನಮ್ಮದೇನಿದ್ದರೂ ಹೊರಗಿನ ಬೇಲಿ. ಒಳಗಿನದನ್ನು ಕಟ್ಟಿಕೊಂಡವರು ಊರಿನವರೇ. ಸಾನ್ ಹೋಸೆ ದೆ ಅಪಾರ್ತಾದೋ ಶಾಂತಿ ಸಮುದಾಯ 1997ರ ಮಾರ್ಚ್ 23ರಂದು ಹಾಕಿಕೊಂಡ ಕಟ್ಟಳೆಗಳು ಪ್ರವೇಶದಲ್ಲೇ ಹಲಗೆಯ ಮೇಲಿವೆ: ಆಯುಧ ಹಿಡಿಯುವುದಿಲ್ಲ, ಯಾವ ಪಕ್ಷಕ್ಕೂ ಸುದ್ದಿ ಮುಟ್ಟಿಸುವುದಿಲ್ಲ, ಸಾಮೂಹಿಕ ದುಡಿಮೆಗೆ ಬರುತ್ತೇವೆ, ಮದ್ಯ ಇಲ್ಲ. ಮದ್ಯದ ಮಾತು ನೀತಿಪಾಠ ಅಂತ ಮೊದಲು ಅನ್ನಿಸೀತು. ಆದರೆ ಕುಡಿದ ಬಾಯಿಂದ ಜಾರಿದ ಒಂದು ಮಾತಿಗೆ ಅಲ್ಲಿ ಜೀವ ಹೋಗುತ್ತದೆ. ಕೋಕೋ ತೋಟಕ್ಕೆ ಗುಂಪಾಗಿ ಹೋಗುವುದೂ ಇದೇ ಕಾರಣಕ್ಕೆ. 2005ರಲ್ಲಿ ಊರ ನಡುವೆ ಪೊಲೀಸ್ ಠಾಣೆ ಬಂದಾಗ, ಗುಂಡಿನ ಚಕಮಕಿಗೆ ನಾವು ಅಡ್ಡ ಸಿಗುತ್ತೇವೆ ಎಂದು ಮನೆಮಾರು ಬಿಟ್ಟು ಹತ್ತಿರದಲ್ಲೇ ಸಾನ್ ಹೋಸೆಸೀಟೊ ಎಂಬ ಹೊಸ ಊರು ಕಟ್ಟಿಕೊಂಡರು. ಸರ್ಕಾರ ಕೊಡುವ ಗುಂಡುನಿರೋಧಕ ಕವಚ, ಬಂದೂಕುಧಾರಿ ಅಂಗರಕ್ಷಕ, ಜೀಪು ಇವೆಲ್ಲ ಪಟ್ಟಣದ ಒಬ್ಬ ಮುಖಂಡನಿಗೆ ಸರಿ. ಕತ್ತೆದಾರಿಯ ಕೊನೆಯಲ್ಲಿ ಬಿಸಿಲಿಗೆ ಕೊಯ್ಲು ಮಾಡುವ ನಲವತ್ತು ಮನೆಗಳಿಗೆ ಏನುಪಯೋಗ?

ಕಾವಲು ಎಲ್ಲಿ ಮುರಿಯುತ್ತದೆ? ನಾವಿಲ್ಲದ ಕಡೆ. 2005ರ ಫೆಬ್ರವರಿ 21ರಂದು ಮುಲಾತೋಸ್, ರೆಸ್ಬಲೋಸಾ ಎಂಬ ಬೆಟ್ಟದ ಹಳ್ಳಿಗಳಲ್ಲಿ ಸಮುದಾಯದ ಮುಖಂಡ ಲೂಯಿಸ್ ಎದ್ವಾರ್ದೊ ಗೆರ್ರಾ ಸೇರಿ ಎಂಟು ಜನರನ್ನು ಕೊಂದರು, ಅವರಲ್ಲಿ ಮೂವರು ಮಕ್ಕಳು. ಅಮೆರಿಕ ಖಂಡದ ಮಾನವ ಹಕ್ಕು ನ್ಯಾಯಾಲಯ ಈ ಸಮುದಾಯವನ್ನು ರಕ್ಷಿಸಿ ಎಂದು 2000ದಲ್ಲೇ ಆದೇಶಿಸಿತ್ತು; ಬೆಟ್ಟದ ಮೇಲೆ ಆ ಕಾಗದಕ್ಕೆ ಜೊತೆಗಾರ ಇರಲಿಲ್ಲ. ಹೀಗಾಗಿ ಯಾರು ಯಾವಾಗ ಹೊಲಕ್ಕೆ, ಯಾವಾಗ ವಾಪಸ್ಸು ಎಂಬ ವಾರದ ಲೆಕ್ಕವನ್ನು ಊರಿನವರ ಜೊತೆ ಕೂತು ಹಾಕಬೇಕು, ಸುಗ್ಗಿಯ ದಿನಗಳಲ್ಲಿ ಇನ್ನೂ ಬಿಗಿಯಾಗಿ.

ಕಾವಲು ಮುರಿಯುವ ಎರಡನೆಯ ಕಡೆ, 2006ರ ಹೊತ್ತಿಗೆ ಅರೆಸೇನೆಗಳ ಒಕ್ಕೂಟವಾದ ಎಯುಸಿ ಆಯುಧ ಕೆಳಗಿಟ್ಟಿತು ಎನ್ನುವ ಘೋಷಣೆಯ ನಂತರ ತಲೆಯೆತ್ತಿದ ಗುಂಪುಗಳು. ಮಾದಕದ್ರವ್ಯದ ದಾರಿ ಕಾಯುವ ಹುಡುಗನಿಗೆ ಯಾವ ರಾಯಭಾರಿಯ ಭಯವೂ ಇಲ್ಲ. ಅಲ್ಲಿ ಒತ್ತಡವನ್ನು ಅವನ ಮೇಲಲ್ಲ, ಪಕ್ಕದಲ್ಲೇ ಠಾಣೆ ಇದ್ದೂ ಸುಮ್ಮನಿರುವ ಸೈನ್ಯದ ಮೇಲೆ ಹಾಕಬೇಕು. ಫಲ ಕಡಿಮೆ, ನಿಧಾನ. ಇನ್ನೊಂದು ಕಹಿ ಮಾತು: ಪಾಸ್‌ಪೋರ್ಟು ಯಾವ ದೇಶದ್ದು ಎಂಬುದಕ್ಕೂ ಬೆಲೆಯಿದೆ. ಸೇನೆಗೆ ನೆರವು ಕೊಡುವ ದೇಶದವರು ಎದುರಿಗಿದ್ದರೆ ಸೈನಿಕ ಹಿಂದೆಮುಂದೆ ನೋಡುತ್ತಾನೆ, ಭಾರತದವರು ಎಂದರೆ ಕುತೂಹಲದಿಂದ ನೋಡುತ್ತಾನೆ. ನಮ್ಮಂಥವರನ್ನು ಯುರೋಪಿನವರೊಬ್ಬರ ಜೊತೆ ಜೋಡಿಸುವುದು ಅದಕ್ಕೇ.

ಟಿಪ್ಪಣಿಗಳನ್ನು ಎಸೆಯಬಾರದು, ಎರಡು ಊರುಗಳಲ್ಲಿ ಪ್ರತಿ ಇಡಬೇಕು. 1997ರ ಫೆಬ್ರವರಿಯ, ಸೈನ್ಯದ ಜೆನೆಸಿಸ್ ಕಾರ್ಯಾಚರಣೆಯ ದಿನಗಳಲ್ಲಿ ಕಕಾರಿಕಾ ಕಣಿವೆಯಿಂದ ಹೊರದಬ್ಬಿಸಿಕೊಂಡ ಆಫ್ರಿಕನ್ ಮೂಲದ ರೈತರ ಮೊಕದ್ದಮೆಯಲ್ಲಿ ಸರ್ಕಾರವೇ ಹೊಣೆ ಎಂಬ ತೀರ್ಪು ಬಂದದ್ದು 2013ರಲ್ಲಿ. ಅಷ್ಟು ವರ್ಷ ಬಾಳುವ ಹಾಗೆ ದಿನಾಂಕ, ಹೊತ್ತು, ಜಾಗ ಮೂರನ್ನೂ ಪ್ರತಿ ಪುಟದ ತಲೆಯಲ್ಲಿ ಬರೆದಿಡಿ.