ಚಾಟ್‌ಬಾಟ್ ಕೊಟ್ಟ ಆಕರವನ್ನು ಪರಿಶೀಲಿಸುವುದು ಹೇಗೆ?

ಮುಂಬಯಿ ಕನ್ನಡಿಗರ ಮನೆಗಳಿಂದ ಕಾಲೇಜಿಗೆ ಹೋಗುವ ಎಷ್ಟೋ ವಿದ್ಯಾರ್ಥಿಗಳು ಚಾಟ್‌ಬಾಟ್ ಹೇಳಿದ್ದನ್ನು ಹಾಗೆಯೇ ಪ್ರಾಜೆಕ್ಟಿಗೆ ಇಳಿಸಿಕೊಂಡು, ವೈವಾದಲ್ಲಿ ಆಕರ ಕೇಳಿದಾಗ ತಡವರಿಸುವುದನ್ನು ಕಂಡಿದ್ದೇನೆ. ಹುಡುಕಬೇಕಾದ ಪದಗಳನ್ನು ಚಾಟ್‌ಬಾಟಿನಿಂದ ಪಡೆಯಿರಿ. ಪುರಾವೆಯನ್ನು ಸರ್ಚ್ ಎಂಜಿನ್ ಮೂಲಕ ಹುಡುಕಿ.

ಮೊದಲು ಪಠ್ಯಪುಸ್ತಕದ ಅಧ್ಯಾಯವನ್ನು ಓದಿ ಮುಗಿಸಿ.

ಬಳಿಕ, ಅರ್ಥವಾಗದ್ದನ್ನು ಚಾಟ್‌ಬಾಟಿಗೆ ಕೇಳಿ. 1982ರ ಜನವರಿಯಲ್ಲಿ ಆರಂಭವಾದ ಮುಂಬಯಿ ಗಿರಣಿ ಮುಷ್ಕರವೇ ವಿಷಯವೆಂದಿಟ್ಟುಕೊಳ್ಳಿ. ಕಾರ್ಮಿಕರು ಮುಷ್ಕರದ ನಾಯಕ ದತ್ತಾ ಸಾಮಂತರ ಬೆನ್ನಿಗಿದ್ದರೂ ಮಾಲೀಕರು ಅವರೊಡನೆ ಮಾತುಕತೆಗೆ ಕೂರಲಿಲ್ಲವೇಕೆ ಎಂದು ಕೇಳಿದರೆ, 1946ರ ಬಾಂಬೆ ಕೈಗಾರಿಕಾ ಸಂಬಂಧಗಳ ಕಾಯ್ದೆ, ಅದರಡಿ ಕಾರ್ಮಿಕರ ಪರವಾಗಿ ಮಾತುಕತೆ ನಡೆಸುವ ಮಾನ್ಯತೆ ಪಡೆದಿದ್ದ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘ ಎಂಬ ಹೆಸರುಗಳು ಸಿಗುತ್ತವೆ. ಇವು ಗೊತ್ತಿಲ್ಲದೆ ಗೂಗಲ್‌ನಲ್ಲಿ ಎಷ್ಟು ತಡಕಾಡಿದರೂ ವಿಷಯದ ಬುಡ ಕೈಗೆ ಸಿಗದು.

ಎಲ್ಲರೂ ಎಡವುವುದು ಮೂರನೆಯ ಹಂತದಲ್ಲಿ, ಅಂದರೆ ಚಾಟ್‌ಬಾಟ್ ಕೊಟ್ಟ ಆಕರವನ್ನು ಪರಿಶೀಲಿಸುವಾಗ. ಮುಂದೆ ಬರಬಹುದಾದ ಪದವನ್ನು ಊಹಿಸುತ್ತ ವಾಕ್ಯ ಕಟ್ಟುವ ಚಾಟ್‌ಬಾಟ್, ನಿಜವಾದ ಲೇಖಕರ ಹೆಸರಿಗೆ ನಿಜವಾದ ಸಂಶೋಧನಾ ಪತ್ರಿಕೆಯ ಹೆಸರು, ಸಂಪುಟ, ಪುಟಸಂಖ್ಯೆಗಳನ್ನು ಜೋಡಿಸಿ, ಯಾರೂ ಬರೆಯದ ಲೇಖನವನ್ನು ನಿಮ್ಮ ಮುಂದಿಡಬಲ್ಲದು. ಆದ್ದರಿಂದ ಶೀರ್ಷಿಕೆಯನ್ನು ಜೋಡಿ ಉದ್ಧರಣ ಚಿಹ್ನೆಗಳೊಳಗಿಟ್ಟು ಸಂಶೋಧನಾ ಲೇಖನಗಳಿಗೆಂದೇ ಇರುವ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ. ಸಿಗದಿದ್ದರೆ ಚಿಹ್ನೆ ತೆಗೆದು, ಲೇಖಕರ ಹೆಸರಿನೊಂದಿಗೆ ಶೀರ್ಷಿಕೆಯ ಎರಡು ಮುಖ್ಯ ಪದಗಳನ್ನಷ್ಟೇ ಕೊಡಿ. ಆಗಲೂ ಸಿಗದಿದ್ದರೆ ಪತ್ರಿಕೆಯ ಜಾಲತಾಣಕ್ಕೇ ಹೋಗಿ ಆ ಸಂಚಿಕೆಯ ಪರಿವಿಡಿ ನೋಡಿ. ಅಲ್ಲಿಯೂ ಇಲ್ಲವಾದರೆ ಆ ಆಕರವನ್ನು ಹೊಡೆದುಹಾಕಿ. ‘ಇದು ನಿಜವೇ’ ಎಂದು ಚಾಟ್‌ಬಾಟನ್ನೇ ಮರಳಿ ಕೇಳುವುದು ವ್ಯರ್ಥ: ಅದು ಹೌದೆನ್ನಬಹುದು, ಇಲ್ಲವೇ ಕ್ಷಮೆ ಕೋರಿ ಇಲ್ಲದ ಇನ್ನೊಂದು ಲೇಖನವನ್ನು ಕೊಡಬಹುದು. ಸರ್ಚ್ ಫಲಿತಾಂಶದ ನೆತ್ತಿಯಲ್ಲಿ ಕಾಣುವ ಎಐ ಸಾರಾಂಶವನ್ನೂ ಚಾಟ್‌ಬಾಟಿನ ಮಾತೆಂದೇ ಎಣಿಸಿ.

ಲೇಖನ ಸಿಕ್ಕ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ನೀವು ಉಲ್ಲೇಖಿಸುವ ಸಂಗತಿ ಅದರಲ್ಲಿ ನಿಜಕ್ಕೂ ಇದೆಯೇ ಎಂದು ಆ ಪುಟವನ್ನೇ ಓದಿ ತಿಳಿಯಬೇಕು. ಪಿಎಚ್‌.ಡಿ. ಪ್ರಬಂಧಗಳಿಗೆ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರವಿದೆ. ಪುಸ್ತಕಗಳಿಗೆ, ನನ್ನನ್ನು ಕೇಳಿದರೆ, ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನ ಜವಾಹರಲಾಲ್ ನೆಹರೂ ಗ್ರಂಥಾಲಯಕ್ಕೇ ಹೋಗಬೇಕು.

ಎಐ ಬರಹವನ್ನು ಮನುಷ್ಯರದೆಂಬಂತೆ ತಿದ್ದಿಕೊಡುವ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ. ಅವು ಕಾನೂನಿನ ಪಾರಿಭಾಷಿಕ ಪದಗಳನ್ನೂ ಬದಲಿಸಿ ಅರ್ಥ ಕೆಡಿಸಬಹುದು.

ಕೊನೆಗೆ ಲ್ಯಾಪ್‌ಟಾಪ್ ಮುಚ್ಚಿಟ್ಟು, ತಿಳಿದದ್ದನ್ನು ನಿಮ್ಮದೇ ಮಾತಿನಲ್ಲಿ ಒಂದು ಪುಟ ಕೈಯಿಂದ ಬರೆಯಿರಿ. ಪೆನ್ನು ಎಲ್ಲಿ ತಡೆಯುತ್ತದೆಯೋ ಆ ಭಾಗವನ್ನು ಚಾಟ್‌ಬಾಟಿಗೆ ಕೇಳದೆ, ಮೂಲ ಆಕರದಲ್ಲೇ ಇನ್ನೊಮ್ಮೆ ಓದಿ.