ವಾಮಕುಕ್ಷಿಗೆ ಮೊದಲು ಲಾವಂಚದ ತಟ್ಟಿ ನೆನೆಸಿ

ಉಂಡ ಕೈ ಒಣಗುವ ಮೊದಲೇ ಮೊಬೈಲ್ ಹಿಡಿದು ಹಾಸಿಗೆ ಮೇಲೆ ಅಂಗಾತ ಬೀಳುತ್ತೀರಿ, ಐದು ಗಂಟೆಗೆ ಎದ್ದು ತಲೆಭಾರ ಅನ್ನುತ್ತೀರಿ. ಇದೆಂಥ ವಾಮಕುಕ್ಷಿ?

ಉಂಡ ಮೇಲೆ ಪಡಸಾಲೆಯಲ್ಲಿ ನೂರು ಹೆಜ್ಜೆ ಅಡ್ಡಾಡಿ. ಆಮೇಲೆ ನೆಲಕ್ಕೆ ಚಾಪೆ, ತೆಳ್ಳನೆ ದಿಂಬು, ಎಡಮಗ್ಗುಲು. ಜಠರದ ಉಬ್ಬು ಎಡಕ್ಕಿದೆ, ಆ ಮಗ್ಗುಲಿಗೆ ಮಲಗಿದರೆ ಉಂಡದ್ದು ಕೆಳಗೇ ನಿಲ್ಲುತ್ತದೆ. ಬಲಕ್ಕೆ ಹೊರಳಿದರೆ ಹುಳಿತೇಗು ಗಂಟಲಿಗೇರುತ್ತದೆ. ಅರ್ಧ ಗಂಟೆ ಸಾಕು. ಜೊಂಪು ಗಾಢನಿದ್ದೆಗೆ ಇಳಿದರೆ ಮಂಪರು ಸಂಜೆವರೆಗೂ ಬಿಡದು, ರಾತ್ರಿ ಕಣ್ಣು ಮುಚ್ಚದು. ಆರೋಗ್ಯವಂತರ ಹಗಲುನಿದ್ದೆಗೆ ಆಯುರ್ವೇದ ಒಪ್ಪುವುದು ಬೇಸಿಗೆಯಲ್ಲಿ ಮಾತ್ರ.

ಆ ಬೇಸಿಗೆಗೇ ಲಾವಂಚದ ತಟ್ಟಿ, ಅಂದರೆ ಘಮಘಮಿಸುವ ಲಾವಂಚದ ಬೇರು ಹೆಣೆದು ಕಿಟಕಿಗೆ ಕಟ್ಟುವ ಪರದೆ. ಬಳ್ಳಾರಿ, ರಾಯಚೂರಿನ ಒಣಬಿಸಿಲಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಹಿಂದೆಲ್ಲ ಊಟಕ್ಕೆ ಎಲೆ ಹಾಕುವ ಮೊದಲೇ ತಟ್ಟಿಗೆ ನೀರು ಬಿದ್ದಿರುತ್ತಿತ್ತು. ಈಗಿನವರು ತಟ್ಟಿ ತಂದು, ಒಳಗಿನಿಂದ ಒಂದು ಚೊಂಬು ಎರಚಿ, ತಂಪಾಗಲಿಲ್ಲ ಅನ್ನುತ್ತಾರೆ. ಹೇಗಾದೀತು? ಹೊಸ ತಟ್ಟಿಯನ್ನು ಮೊದಲು ರಾತ್ರಿಯಿಡೀ ನೀರಲ್ಲಿ ಮುಳುಗಿಸಿಡಿ, ಬೇರಿನ ಮಣ್ಣೆಲ್ಲ ಬಿಡಲಿ, ಆ ಕೆಂಪುನೀರನ್ನು ಗಿಡದ ಬುಡಕ್ಕೆ ಸುರಿಯಿರಿ. ಗಾಳಿ ಬರುವ ಕಿಟಕಿಗೆ ಸಂದಿಲ್ಲದಂತೆ ಕಟ್ಟಿ. ಸಂದಿದ್ದರೆ ಬಿಸಿಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಎದುರಿನ ಕಿಟಕಿ ನಾಲ್ಕು ಬೆರಳು ತೆರೆದಿರಲಿ, ಇಲ್ಲದಿದ್ದರೆ ಗಾಳಿ ಹಾಯದೆ ಕೋಣೆಯಲ್ಲಿ ಬರೀ ಧಗೆ. ನೀರನ್ನು ಹೊರಗಿನಿಂದ, ಮೇಲಂಚಿನಿಂದ ನಿಧಾನಕ್ಕೆ ಇಳಿಬಿಡಿ, ಬೇರು ತಾನೇ ಹೀರಲಿ. ಕೆಳಗೆ ಧಾರೆ ಸುರಿಯತೊಡಗಿದರೆ ಹೆಚ್ಚಾಯಿತು ಅಂತ. ತೊಟ್ಟಿಕ್ಕುವುದು ನಿಂತ ಮೇಲೆಯೇ ಒಳ್ಳೆಯ ತಂಪು, ಘಮವೂ ಆಗಲೇ. ಊಟಕ್ಕೆ ಮುಂಚೆ ಒಮ್ಮೆ, ಅಡ್ಡಾಗುವ ಮುಂಚೆ ಒಮ್ಮೆ ಹಾಕಿ. ಗಡಸು ಬೋರ್‌ವೆಲ್ ನೀರು ಬೇಡ, ಉಪ್ಪು ಕೂತು ಬೇರು ಬೆಳ್ಳಗಾಗುತ್ತದೆ, ಘಮ ಅಡಗುತ್ತದೆ. ಮಂಗಳೂರು, ಉಡುಪಿಯವರು ಈ ಗೋಜಿಗೆ ಹೋಗಬೇಡಿ. ಗಾಳಿಯೇ ತೇವವಾಗಿರುವಾಗ ನೀರು ಆರುವುದಿಲ್ಲ, ಆರದೆ ತಂಪಿಲ್ಲ.

ನೀರಿನ ಚೊಂಬು ಕೈಯಲ್ಲಿರುವಾಗಲೇ ಬಿಸಿಲಲ್ಲಿಟ್ಟ ಸಂಡಿಗೆಯನ್ನೂ ನೋಡಿ. ಮೇಲೆಲ್ಲ ಒಣಗಿಯೂ ಬಟ್ಟೆಯಿಂದ ಏಳದಿದ್ದರೆ ಕಿತ್ತು ಮುರಿಯಬೇಡಿ. ಬಟ್ಟೆ ಮಗುಚಿ ಹಿಂಬದಿಗೆ ನೀರು ಚಿಮುಕಿಸಿ, ಸುಲಭವಾಗಿ ಬಿಡುತ್ತದೆ.

ಸಂಜೆ ತಟ್ಟಿ ಬಿಚ್ಚಿ ಗಾಳಿಗೆ ನೇತುಹಾಕುವುದಕ್ಕೆ ಎಲ್ಲರಿಗೂ ಸೋಮಾರಿತನ. ಒದ್ದೆಯದನ್ನೇ ಸುತ್ತಿ ಮೂಲೆಗೆ ನಿಲ್ಲಿಸಿದರೆ ಬೂಷ್ಟು ಹಿಡಿಯುತ್ತದೆ. ಹಿಡಿದರೆ ತೊಳೆದು ಎರಡು ದಿನ ಬಿಸಿಲಿಗೆ ಹಾಕಿ. ಆಮೇಲೂ ಮುಗ್ಗಲು ವಾಸನೆ ಹೋಗದಿದ್ದರೆ ಮಲಗುವ ಕೋಣೆಗೆ ಅದನ್ನು ಕಟ್ಟಲೇಬೇಡಿ.